ಕಲಬುರಗಿಯ ರಸ್ತೆಬದಿಯ ಗಿಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಸೀಮೆಯ ಓದುಗರಿಗೆ ಮೊದಲೇ ಒಂದು ಮಾತು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತೇವೆ. ಇಬ್ಬರು ಕೈ ಚಾಚಿ ತಬ್ಬಿದರೂ ಸಾಲದ ಹುಣಸೆಯೂ ನಮಗೆ ಹುಣಸಿ ಗಿಡವೇ. ಸಸಿ ನೆಡುವುದಕ್ಕೆ ‘ಗಿಡ ಹಚ್ಚುವುದು’ ಅನ್ನುತ್ತೇವೆ. ಕೆಳಗೆ ಮರ, ಗಿಡ ಎರಡೂ ಬರುತ್ತವೆ, ಅರ್ಥ ಒಂದೇ.

ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಮೇಲೆ, ರವಿವಾರ ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ಜೊತೆ ಓಣಿ ಓಣಿ ತಿರುಗಿ ರಸ್ತೆಬದಿಯ ಗಿಡ ಎಣಿಸುತ್ತೇನೆ. ಟೇಪು, ವಹಿ ಹಿಡಿದು ನಿಂತವರನ್ನು ಕಂಡರೆ ಜನ ಸುಮ್ಮನೆ ದಾಟಿ ಹೋಗುವುದಿಲ್ಲ, ನಿಂತು ಕೇಳುತ್ತಾರೆ. ಮೇಲಿಂದ ಮೇಲೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಗಿಡ ಎಣಿಸಿ ಏನ್ ಮಾಡ್ತೀರಿ ಮೇಡಂ? ಅಷ್ಟು ಹೊತ್ತಿನಾಗ ನಾಕು ಗಿಡ ಹಚ್ಚಬಹುದಲ್ಲ?

ಹಚ್ಚುತ್ತೇವೆ, ಅದನ್ನು ಬಿಟ್ಟಿಲ್ಲ. ಆದರೆ ಪ್ರತಿ ಮಳೆಗಾಲದಲ್ಲಿ ಎಷ್ಟು ಸಸಿ ಹಚ್ಚಿದೆವು ಎಂಬ ಲೆಕ್ಕ ಎಲ್ಲರ ಬಳಿಯೂ ಇರುತ್ತದೆ. ಮೂರು ಬೇಸಿಗೆ ದಾಟಿ ಉಳಿದವು ಎಷ್ಟು, ಅವು ಯಾವ ರಸ್ತೆಯಲ್ಲಿವೆ, ಯಾವ ರಸ್ತೆ ಪೂರ್ತಿ ಬೋಳಾಗಿದೆ ಎಂಬ ಲೆಕ್ಕ ಸಿಗುವುದು ಕಷ್ಟ. ಅದು ಗೊತ್ತಿಲ್ಲದಿದ್ದರೆ ಇದ್ದಲ್ಲೇ ಮತ್ತೆ ಹಚ್ಚುತ್ತೇವೆ, ಇಲ್ಲದ ಕಡೆ ಇಲ್ಲದ ಹಾಗೇ ಇರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಮರಗಳ ಗಣತಿಯನ್ನು ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದಾಗಿ ಹೇಳುತ್ತದೆ. ಕಲಬುರಗಿಯಲ್ಲಿ 55 ವಾರ್ಡುಗಳಿವೆ. ಒಂದೊಂದು ವಾರ್ಡಿನಲ್ಲಿ ಹತ್ತು ಮಂದಿ ಮನಸ್ಸು ಮಾಡಿದರೂ ಒಂದು ವರ್ಷದ ಕೆಲಸ.

ರಸ್ತೆಬದಿಯ ಗಿಡ ಅಂದರೆ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೀರಿ?

ಡಾಂಬರಿನ ಅಂಚಿನಿಂದ ಕಾಂಪೌಂಡ್ ಗೋಡೆಯವರೆಗೆ ಇರುವುದು, ನಡುವಿನ ಡಿವೈಡರ್‌ನಲ್ಲಿರುವುದು. ಅಷ್ಟೇ. ಮನೆಯಂಗಳದ ಮಾವು, ಪಾರ್ಕಿನೊಳಗಿನ ಗಿಡ ಈ ಲೆಕ್ಕಕ್ಕೆ ಬರುವುದಿಲ್ಲ. ಸೇಡಂ ರಸ್ತೆಯ ನಮ್ಮ ವಿಶ್ವವಿದ್ಯಾಲಯದ ಆವರಣ ಎಂಟು ನೂರು ಎಕರೆಗೂ ಹೆಚ್ಚಿದೆ. ಅಲ್ಲಿ ಎಷ್ಟೇ ಹಸಿರಿದ್ದರೂ ಸೂಪರ್ ಮಾರ್ಕೆಟ್ ಎಂದು ಕರೆಯುವ ನಮ್ಮ ಪೇಟೆಯ ರಸ್ತೆಬದಿಯಲ್ಲಿ ಸೊಪ್ಪು ಹರವಿಕೊಂಡು ಕೂತ ಅವ್ವನ ತಲೆ ಮೇಲೆ ಅದರ ನೆರಳು ಬೀಳುವುದಿಲ್ಲ.

ಗಿಡದ ಕೆಳಗೆ ನಿಜವಾಗಿ ಎಷ್ಟು ತಂಪು?

ಬೆಂಗಳೂರಿನಲ್ಲಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಮರವಿರುವ ರಸ್ತೆ, ಮರವಿಲ್ಲದ ರಸ್ತೆ ಎರಡನ್ನೂ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮಧ್ಯಾಹ್ನದ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿವರೆಗೆ, ಡಾಂಬರಿನ ಮೈಯ ಉಷ್ಣತೆಯಲ್ಲಿ 27.5 ಡಿಗ್ರಿವರೆಗೆ ವ್ಯತ್ಯಾಸ ಕಂಡುಬಂತು. ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದಿ. ನಮ್ಮ ಮೈ ಸುಡುವುದು ಬರೀ ಗಾಳಿಯ ಬಿಸಿಯಿಂದಲ್ಲ. ಮೇಲಿನ ಬಿಸಿಲು, ಕೆಳಗಿನ ಡಾಂಬರಿನ ಕಾವು ಎರಡೂ ಸೇರಿ ಸುಡುತ್ತವೆ. ಮರ ಎರಡನ್ನೂ ತಡೆಯುತ್ತದೆ. ಜೊತೆಗೆ ಬೇರಿನಿಂದ ಎಳೆದ ನೀರನ್ನು ಎಲೆಗಳಿಂದ ಆವಿಯಾಗಿ ಬಿಡುತ್ತದೆ. ಮಣ್ಣಿನ ಗಡಿಗೆಯೊಳಗಿನ ನೀರು ತಣ್ಣಗಾಗುವುದೂ ಇದೇ ರೀತಿಯಲ್ಲಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಾವು ಅದರ ಅರ್ಧದಷ್ಟೇ ಎತ್ತರದಲ್ಲಿದ್ದೇವೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಇಲ್ಲಿ ಹೊಸ ಸುದ್ದಿಯೇ ಅಲ್ಲ. ಅಲ್ಲಿ ಮರ ರಸ್ತೆಗೆ ಚೆಲುವಾದರೆ ಇಲ್ಲಿ ಕೆಲಸ ಮಾಡುವವರ ಜೀವಕ್ಕೆ ಆಸರೆ. ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲರನ್ನು, ಆಟೋ ನಿಲ್ಲಿಸಿಕೊಂಡು ಕಾಯುವವರನ್ನು ಕೇಳಿ ನೋಡಿ. ಯಾವ ಗಿಡದ ನೆರಳು ಎಷ್ಟು ಗಂಟೆಗೆ ಯಾವ ಕಡೆ ಹೊರಳುತ್ತದೆ ಎಂಬುದು ಅವರಿಗೆ ಬಾಯಿಪಾಠ.

ನಗರದಲ್ಲಿ ಗಿಡಗಳ ಹಂಚಿಕೆ ಹೇಗಿದೆ?

ಸಮನಾಗಿಲ್ಲ. ನಾನು ಕಂಡಂತೆ ಹೇಳುತ್ತೇನೆ.

ಶಹಾಬಜಾರ್, ಬ್ರಹ್ಮಪುರದಂಥ ಹಳೆಯ ಭಾಗಗಳಲ್ಲಿ ಓಣಿಗಳು ಇಕ್ಕಟ್ಟು, ಗೋಡೆಗೆ ಗೋಡೆ ಹತ್ತಿಕೊಂಡಿದೆ. ಅಲ್ಲಿ ಗಿಡ ಇರುವುದು ಅಂಗಳದೊಳಗೆ, ಗುಡಿಯ ಮುಂದೆ, ದರ್ಗಾದ ಪಕ್ಕದಲ್ಲಿ. ಓಣಿಯಲ್ಲಿ ಹಸಿರು ಕಂಡರೆ ಹೆಚ್ಚಾಗಿ ಹಕ್ಕಿ ಬೀಜ ಹಾಕಿ ಗೋಡೆಸಂದಿಯಲ್ಲಿ ಹುಟ್ಟಿದ ಅರಳಿ. ಹಳೆಯ ಸರ್ಕಾರಿ ಕಚೇರಿ, ಬಂಗಲೆಗಳ ಕಡೆ ರಸ್ತೆ ಅಗಲ, ಕಾಂಪೌಂಡ್ ದೊಡ್ಡದು. ದೊಡ್ಡ ಹರವಿನ ಬೇವು, ಹುಣಸೆ ಉಳಿದಿರುವುದು ಅಂಥ ಕಡೆಯೇ. ವ್ಯಾಪಾರದ ರಸ್ತೆಗಳಲ್ಲಿ ಜನ ಹೆಚ್ಚು, ಗಿಡ ಕಡಿಮೆ. ರಿಂಗ್ ರಸ್ತೆಯ ಆಚೆಗಿನ ಬಡಾವಣೆಗಳಲ್ಲಿ ಗಿಡಗಳ ಎಣಿಕೆ ಚೆನ್ನಾಗಿಯೇ ಬರುತ್ತದೆ, ಆದರೆ ಬಹುತೇಕ ಸಣ್ಣವು, ಕಂಬದಂತೆ ನೇರ ಬೆಳೆಯುವವು. ಜನ ಅಶೋಕ ಅನ್ನುವ ಆ ಉದ್ದನೆಯ ಗಿಡ ನಿಜವಾದ ಅಶೋಕವಲ್ಲ, ಬೇರೆಯೇ ಜಾತಿ. ನೋಡಲು ಶಿಸ್ತಾಗಿರುತ್ತದೆ, ಕೆಳಗೆ ಒಬ್ಬರು ನಿಲ್ಲುವಷ್ಟೂ ನೆರಳಿಲ್ಲ.

ಆಳಂದ, ಹುಮನಾಬಾದ್, ಜೇವರ್ಗಿ, ಸೇಡಂ, ಅಫಜಲಪುರ ಕಡೆ ಹೋಗುವ ರಸ್ತೆಗಳು ಅಗಲವಾಗುತ್ತ ಹೋದಂತೆ ಬದಿಯ ದೊಡ್ಡ ಮರಗಳ ಜಾಗವನ್ನು ಡಿವೈಡರ್‌ನ ಹೂಗಿಡಗಳು ಹಿಡಿದಿವೆ. ರಸ್ತೆಯ ನಡುವೆ ಗಿಡವಿದ್ದರೆ ಕಾರಿನಲ್ಲಿ ಹೋಗುವವರ ಕಣ್ಣಿಗೆ ಹಿತ. ನಡೆಯುವವರು ನಡುವೆ ನಡೆಯುವುದಿಲ್ಲವಲ್ಲ, ಬದಿಯಲ್ಲಿ ನಡೆಯುತ್ತಾರೆ.

ಬೆಂಗಳೂರಿನ ರಸ್ತೆಮರಗಳ ಬಗ್ಗೆ 2010ರಲ್ಲಿ ಬಂದ ಅಧ್ಯಯನದಲ್ಲೂ ಇದೇ ಬಗೆಯ ಮಾತಿದೆ: ಅಗಲ ರಸ್ತೆಗಳಲ್ಲಿ ದೊಡ್ಡ ಹರವಿನ ಹಳೆಯ ಮರಗಳು, ಕಿರಿದಾದವುಗಳಲ್ಲಿ ಸಣ್ಣ ಜಾತಿಗಳು. ಅಂದರೆ ರಸ್ತೆಯ ಅಗಲ ನೋಡಿದರೆ ನೆರಳಿನ ಭಾಗ್ಯ ಅರ್ಧ ತಿಳಿಯುತ್ತದೆ.

ನಮ್ಮ ಎರಿ ಮಣ್ಣಿನ್ಯಾಗ ಗಿಡ ಬದುಕೋದಿಲ್ಲ ಅಂತಾರ, ಖರೇನಾ?

ಬದುಕುತ್ತವೆ. ಆದರೆ ಎರೆಮಣ್ಣಿನ ಸ್ವಭಾವ ತಿಳಿದು ಹಚ್ಚಬೇಕು. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ನೀರು ಇಂಗದೆ ಗುಂಡಿಯಲ್ಲೇ ನಿಂತು ಎಳೆಯ ಬೇರಿಗೆ ಉಸಿರುಗಟ್ಟುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಅದೇ ಬೇರುಗಳನ್ನು ಹರಿದುಹಾಕುತ್ತದೆ. ಸಸಿ ಸತ್ತಾಗ ‘ನೀರು ಹಾಕಲಿಲ್ಲ’ ಅನ್ನುತ್ತೇವೆ. ಎಷ್ಟೋ ಸಲ ಅದು ಆಗಸ್ಟ್‌ನಲ್ಲಿ ನೀರು ಹೆಚ್ಚಾಗಿಯೇ ಸತ್ತಿರುತ್ತದೆ, ನಮಗೆ ಗೊತ್ತಾಗುವುದು ನವೆಂಬರ್‌ನಲ್ಲಿ.

ನಾವು ಮಾಡುವುದು ಇಷ್ಟು. ಮೂರಡಿ ಅಗಲ, ಮೂರಡಿ ಆಳದ ಗುಂಡಿ ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡುತ್ತೇವೆ. ತಳದಲ್ಲಿ ಅರ್ಧ ಅಡಿ ಗರಸು. ತೆಗೆದ ಕಪ್ಪು ಮಣ್ಣಿಗೆ ಒಂದಿಷ್ಟು ಗರಸು ಅಥವಾ ಮಸಾರಿ (ಕೆಂಪು) ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ ತುಂಬುತ್ತೇವೆ. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿರಬೇಕು, ತಗ್ಗಿನಲ್ಲಲ್ಲ. ಮೊದಲ ಮಳೆಗೇ ಅವಸರ ಮಾಡದೆ, ಮಣ್ಣು ಎರಡಡಿ ನೆನೆದ ಮೇಲೆ ಹಚ್ಚುತ್ತೇವೆ. ಮಳೆ ನಿಂತ ಕೂಡಲೇ ಬುಡಕ್ಕೆ ಒಣ ಎಲೆ, ಹೊಟ್ಟು ಹಾಸಿದರೆ ಬಿರುಕು ಬಿಡುವುದು ಬಹಳ ಕಡಿಮೆಯಾಗುತ್ತದೆ. ಬಿರುಕು ಕಂಡರೆ ಸಡಿಲ ಮಣ್ಣು ತುಂಬಿ ಮುಚ್ಚಿ. ಬಿರುಕಿನೊಳಗೆ ಕೊಡಗಟ್ಟಲೆ ನೀರು ಸುರಿದರೆ ಅದು ಬೇರಿಗೆ ಸಿಗದೆ ಆಳಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ ಸುಣ್ಣದ್ದು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು ಬೆರೆತಿರುತ್ತದೆ, ಮಣ್ಣು ಕ್ಷಾರದ ಕಡೆ ವಾಲುತ್ತದೆ. ಹಾಗಾಗಿ ಕಬ್ಬಿಣಾಂಶ ಇದ್ದರೂ ಕೆಲವು ಗಿಡಗಳಿಗೆ ದಕ್ಕುವುದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಆ ಜಾತಿ ಈ ಮಣ್ಣಿಗೆ ಒಗ್ಗುತ್ತಿಲ್ಲ ಎಂದು ತಿಳಿಯಿರಿ. ಮಲೆನಾಡಿನ ನರ್ಸರಿಯಲ್ಲಿ ಕಂಡು ಮೆಚ್ಚಿ ತಂದ ಗಿಡಗಳಿಗೆ ಹೀಗಾಗುವುದನ್ನು ಬಹಳ ನೋಡಿದ್ದೇನೆ.

ಬೇವು ಒಂದೇ ಇದ್ದರೆ ಸಾಕಲ್ಲ? ಬಿಸಿಲು ತಡೀತದ, ಔಷಧಿ ಅದ, ದನ ತಿನ್ನೋದಿಲ್ಲ.

ಬೇವಿನ ಮೇಲೆ ನನಗಿರುವ ಪ್ರೀತಿ ಈ ಊರಿನ ಯಾರಿಗಿಂತಲೂ ಕಡಿಮೆಯಲ್ಲ. ಶಿವರಾತ್ರಿ ಸುಮಾರಿಗೆ ಎಲೆ ಉದುರಿಸಿ, ಯುಗಾದಿಗೆ ತಾಮ್ರದ ಬಣ್ಣದ ಚಿಗುರು, ಹೂ ತಂದು, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ದಟ್ಟ ನೆರಳು ಕೊಡುವ ಗಿಡ ಅದು. ನಮ್ಮ ನೆಲಕ್ಕೆ ಅದಕ್ಕಿಂತ ಹೊಂದುವ ಗಿಡ ಹುಡುಕುವುದು ಕಷ್ಟ. ಕಲಬುರಗಿಯಲ್ಲಿ ಬೇವು ಮುಂದೆಯೂ ಮೊದಲ ಸ್ಥಾನದಲ್ಲಿರಲಿ. ಊರೆಲ್ಲ ಅದೊಂದೇ ಇರುವುದು ಬೇಡ.

ಕಾರಣ ಕಣ್ಣೆದುರೇ ಇದೆ. 2021ರ ಸುಮಾರಿಗೆ ನೆರೆಯ ತೆಲಂಗಾಣದಲ್ಲಿ ಬೇವಿನ ತುದಿಗಳು ಸುಟ್ಟಂತೆ ಕಂದಾಗಿ ಒಣಗತೊಡಗಿದವು. ಫೋಮಾಪ್ಸಿಸ್ ಎಂಬ ಶಿಲೀಂಧ್ರ, ಅದರ ಜೊತೆ ಎಳೆ ಚಿಗುರಿನ ರಸ ಹೀರುವ ಟೀ ಸೊಳ್ಳೆ ತಿಗಣೆ ಕಾರಣವೆಂದು ವಿಜ್ಞಾನಿಗಳು ಹೇಳಿದರು. ಬಹಳಷ್ಟು ಮರಗಳು ಮತ್ತೆ ಚಿಗುರಿದವು. ಆದರೆ ಅಷ್ಟರಲ್ಲಿ ಕೆಲವರು ಮರ ಸತ್ತಿತೆಂದು ಕಡಿದೂ ಹಾಕಿದ್ದರು. ಒಣಗಿದ ಬೇವನ್ನು ಕಂಡರೆ ಒಂದು ಮಳೆಗಾಲ ಕಾಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ.

ಅಮೆರಿಕದಲ್ಲಿ ಊರೂರಿನ ರಸ್ತೆಗಳಲ್ಲಿ ಎಲ್ಮ್ ಮರವೊಂದನ್ನೇ ಸಾಲಾಗಿ ಬೆಳೆಸಿದ್ದರು. ಒಂದು ಶಿಲೀಂಧ್ರ ರೋಗ ಬಂದು ಸಾಲು ಸಾಲೇ ಬೋಳಾಯಿತು. ಅಂಥ ಅನುಭವದಿಂದ ಫ್ರಾಂಕ್ ಸಾಂಟಮೂರ್ ಎಂಬ ವಿಜ್ಞಾನಿ 1990ರಲ್ಲಿ ಒಂದು ಸೂತ್ರ ಹೇಳಿದ: ನಗರದ ಮರಗಳಲ್ಲಿ ಒಂದು ಪ್ರಭೇದ (ನಾವು ಜಾತಿ ಅನ್ನುವುದು) ಶೇ. 10, ಒಂದು ಕುಲ (ಹತ್ತಿರದ ಪ್ರಭೇದಗಳ ಗುಂಪು) ಶೇ. 20, ಒಂದು ಕುಟುಂಬ (ಹಲವು ಕುಲಗಳ ಬಳಗ) ಶೇ. 30 ಮೀರಬಾರದು.

ಈ ಸೂತ್ರವನ್ನು ನಮ್ಮ ಊರಿಗೆ ಹಚ್ಚಿ ನೋಡಿದರೆ ಎರಡು ಸಂಗತಿ ಕಾಣುತ್ತವೆ. ಆಲ, ಅರಳಿ, ಬಸರಿ, ಅತ್ತಿ ನೋಡಲು ನಾಲ್ಕು ಗಿಡ, ಕುಲ ಮಾತ್ರ ಒಂದೇ. ಹುಣಸೆ, ಹುಲಗಲ (ದಕ್ಷಿಣದವರ ಹೊಂಗೆ), ಗುಲ್‌ಮೊಹರ್, ಕಕ್ಕೆ, ಶಿರೀಷ, ಮಳೆಮರ, ಬನ್ನಿ, ಜಾಲಿ ಎಲ್ಲವೂ ಒಂದೇ ಕುಟುಂಬ, ತೊಗರಿಯ ಬಳಗ! ಒಣ ಬಯಲುಸೀಮೆಯಲ್ಲಿ ಈ ಬಳಗವೇ ಸಹಜವಾಗಿ ಬೆಳೆಯುವುದು. ಆದ್ದರಿಂದ ಕುಟುಂಬದ ಶೇ. 30 ಮಿತಿಯನ್ನು ನಾವು ಪಾಲಿಸಲಾರೆವು, ಪಾಲಿಸುವ ಅಗತ್ಯವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಭೇದದ ಮಿತಿಯನ್ನು ಮಾತ್ರ ಮನಸ್ಸಿನಲ್ಲಿಡಬೇಕು. ಬೇವಿಗೆ ಶೇ. 20 ಬಿಟ್ಟುಕೊಟ್ಟರೂ ಉಳಿದದ್ದನ್ನು ಹತ್ತಾರು ಜಾತಿಗಳಿಗೆ ಹಂಚಬಹುದು.

ಸಾಲುಮರದ ತಿಮ್ಮಕ್ಕ ಒಂದೇ ಜಾತಿ ಹಚ್ಚಿದ್ದರಲ್ಲ?

ಹೌದು, ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಆಲ. ಅದು ಹಳ್ಳಿಯ ರಸ್ತೆ. ಸುತ್ತ ಹೊಲ, ಬೇರೆ ಜಾತಿಯ ಗಿಡ ಇದ್ದೇ ಇವೆ. ಒಂದು ರಸ್ತೆಗೆ ಒಂದು ಜಾತಿ ಇದ್ದರೆ ತಪ್ಪಿಲ್ಲ, ಚಂದವೇ. ಊರಿಗೆಲ್ಲ ಒಂದು ಜಾತಿ ಆಗಬಾರದು. ಆಕೆಯಿಂದ ಕಲಿಯಬೇಕಾದದ್ದು ಬೇರೆ ಇದೆ: ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ, ಮಕ್ಕಳಂತೆ ಕಾದದ್ದು. ಹಚ್ಚಿದ ದಿನದ ಫೋಟೋದಿಂದ ಆ ಸಾಲು ಬೆಳೆಯಲಿಲ್ಲ.

ವೈವಿಧ್ಯವನ್ನು ಅಳೆಯುವುದು ಹೇಗೆ? ಜಾತಿ ಎಣಿಸಿದರೆ ಆಯಿತಲ್ಲ?

ಆಗುವುದಿಲ್ಲ. ಲೆಕ್ಕಕ್ಕೆಂದು ಎರಡು ಓಣಿ ಇಟ್ಟುಕೊಳ್ಳೋಣ. ಎರಡರಲ್ಲೂ 100 ಗಿಡ, ನಾಲ್ಕು ಜಾತಿ. ಮೊದಲನೆಯದರಲ್ಲಿ ಪ್ರತಿ ಜಾತಿ 25. ಎರಡನೆಯದರಲ್ಲಿ ಬೇವು 97, ಉಳಿದವು ಒಂದೊಂದು. ಜಾತಿಯ ಎಣಿಕೆ ಎರಡಕ್ಕೂ ನಾಲ್ಕೇ. ಶಾನನ್ ಸೂಚ್ಯಂಕ ಹಾಕಿದರೆ ಮೊದಲ ಓಣಿಗೆ 1.39, ಎರಡನೆಯದಕ್ಕೆ 0.17 ಬರುತ್ತದೆ. ಕ್ಲಾಡ್ ಶಾನನ್ 1948ರಲ್ಲಿ ಸಂದೇಶ ರವಾನೆಯ ಲೆಕ್ಕಕ್ಕೆ ರೂಪಿಸಿದ ಸೂತ್ರ ಇದು. ಆಮೇಲೆ ಜೀವಶಾಸ್ತ್ರದವರು ತಮ್ಮದಾಗಿಸಿಕೊಂಡರು. ಪ್ರತಿ ಜಾತಿಯ ಪಾಲನ್ನು ಅದರದೇ ಸ್ವಾಭಾವಿಕ ಲಾಗರಿದಂನಿಂದ (ಕ್ಯಾಲ್ಕುಲೇಟರ್‌ನ ln) ಗುಣಿಸಿ, ಎಲ್ಲ ಕೂಡಿಸಿ, ಋಣ ಚಿಹ್ನೆ ತೆಗೆದರೆ ಮುಗಿಯಿತು. ಪಿಯುಸಿ ಮಕ್ಕಳು ಮೊಬೈಲ್‌ನಲ್ಲೇ ಮಾಡುತ್ತಾರೆ.

ಯಾವ ಗಿಡ ಎಲ್ಲಿಗೆ ಒಳ್ಳೆಯದು?

ಮೊದಲು ತಲೆ ಎತ್ತಿ ತಂತಿ ನೋಡಿ, ಆಮೇಲೆ ಅಗಲ ನೋಡಿ, ಕೊನೆಗೆ ಜಾತಿ ಯೋಚಿಸಿ. ತಂತಿಯ ಕೆಳಗೆ ಅಥವಾ ಸಣ್ಣ ಓಣಿಯಲ್ಲಿ ಕಂಚುವಾಳ, ಕಕ್ಕೆ, ಬಿಲ್ವಪತ್ರೆ. ಮೂವತ್ತು, ನಲವತ್ತು ಅಡಿ ರಸ್ತೆಯಲ್ಲಿ ಹುಲಗಲ ಬಹಳ ಒಳ್ಳೆಯದು. ಎಲೆ ಉದುರಿಸಿದ ಕೆಲವೇ ದಿನಗಳಲ್ಲಿ ಹೊಸ ಹಸಿರು ಹೊದೆಯುತ್ತದೆ. ಶಿರೀಷ, ನೇರಳೆ, ಬೇವು ಅಗಲ ರಸ್ತೆಗೆ. ನೇರಳೆ ಹಣ್ಣಿನ ಕಾಲದಲ್ಲಿ ನೆಲ ಜಾರುತ್ತದೆ, ಅದನ್ನು ಬಸ್‌ಸ್ಟಾಪಿನ ಮೇಲೆ ಬೇಡ. ಆಲ, ಅರಳಿ, ಬಸರಿಗೆ ಕವಲುದಾರಿ, ಕೆರೆದಂಡೆ, ರಿಂಗ್ ರಸ್ತೆಯ ಅಗಲ ಅಂಚು ಬೇಕು. ಕಟ್ಟಡದಿಂದ ಕನಿಷ್ಠ ಮೂವತ್ತು ಅಡಿ ದೂರ ಇರಲಿ.

ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಪಗೆ ಅರಳಿ ನಿಂತಾಗ ಯಾರೂ ಬೇಡ ಅನ್ನಲಾರರು. ಮಡಗಾಸ್ಕರ್‌ನಿಂದ ಬಂದ ಗಿಡ; ಬೇರು ಮೇಲ್ಮೈಯಲ್ಲಿ ಹರಡುತ್ತದೆ, ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಕೊಂಬೆ ಸುಲಭವಾಗಿ ಮುರಿಯುತ್ತದೆ. ನಡುನಡುವೆ ಒಂದೊಂದು ಇರಲಿ. ಹುಣಸೆ ಹಚ್ಚುವವರು ಈಗ ಕಡಿಮೆಯಾಗಿದ್ದಾರೆ, ‘ದೆವ್ವ ಇರತಾವ’ ಎಂಬ ಅಂಜಿಕೆಯೂ ಇದೆ, ನಿಧಾನ ಎಂಬ ದೂರೂ ಇದೆ. ಆದರೆ ಎಂಥ ಗಾಳಿಗೂ ಬಗ್ಗದ, ತಲೆಮಾರುಗಳ ಕಾಲ ನಿಲ್ಲುವ ಗಿಡ ಬೇಕೆಂದರೆ ನಾನು ಮೊದಲು ಹೇಳುವ ಹೆಸರು ಅದೇ.

ಕಾನೋಕಾರ್ಪಸ್ ಹಚ್ಚಬಹುದೇ? ಬೇಗ ಬೆಳೆಯುತ್ತದಂತೆ.

ಬೇಡ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಪರಾಗದಿಂದ ಅಲರ್ಜಿ, ಬೇರಿನಿಂದ ಪೈಪು, ಕೇಬಲ್‌ಗಳಿಗೆ ಹಾನಿ ಎಂಬುದು ಕಾರಣ.

ಬಳ್ಳಾರಿ ಜಾಲಿಯನ್ನೂ ಎಣಿಸುತ್ತೀರಾ?

ಎಣಿಸುತ್ತೇವೆ, ಬೇರೆ ಕಾಲಮ್ಮಿನಲ್ಲಿ. ಅದನ್ನು ಬನ್ನಿ ಎಂದು ಬರೆದುಬಿಡುವ ತಪ್ಪು ಮಾಡಬೇಡಿ. ಎರಡೂ ಹತ್ತಿರದ ಸಂಬಂಧಿಗಳು, ಆದರೆ ಬನ್ನಿ ನಮ್ಮ ನೆಲದ್ದು, ದಸರೆಯಲ್ಲಿ ಎಲೆ ಹಂಚಿ ಕೈಮುಗಿಯುವ ಗಿಡ. ಬಳ್ಳಾರಿ ಜಾಲಿ ಹೊರಗಿನಿಂದ ಬಂದು ಹಳ್ಳದ ದಂಡೆ, ಖಾಲಿ ಜಾಗ ಎಲ್ಲ ಆಕ್ರಮಿಸಿದ್ದು.

ಅಂಗಡಿ ಬೋರ್ಡ್ ಕಾಣುತ್ತಿಲ್ಲ, ಗಿಡ ಕಡಿಯಬಹುದೇ? ಒಂದಕ್ಕೆ ಹತ್ತು ಹಚ್ಚಿಕೊಡುತ್ತೇನೆ.

ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 1976ರ ಕಾಯ್ದೆಯಲ್ಲಿ ‘ಮರ ಕಡಿಯುವುದು’ ಅಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಕೊಂಬೆ ಸವರುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ವಿಷ ಹಾಕುವುದು, ಬೆಂಕಿ ಇಡುವುದು ಎಲ್ಲವೂ ಅದರೊಳಗೆ ಬರುತ್ತವೆ. ನಮ್ಮ ಓಣಿಯ ತುದಿಯಲ್ಲಿದ್ದ ಬೇವಿಗೆ ಯಾರೋ ರಾತ್ರಿ ಬುಡದಲ್ಲಿ ತೂತು ಕೊರೆದು ಏನನ್ನೋ ಸುರಿದಿದ್ದರು. ಎಲೆಯೆಲ್ಲ ಒಮ್ಮೆಲೇ ಉದುರಿದಾಗಲೇ ನಮಗೆ ತಿಳಿದದ್ದು. ಆ ಗಿಡದ ಕೆಳಗೆ ಇಸ್ತ್ರಿ ಮಾಡುತ್ತಿದ್ದವರು ಈಗ ತಗಡಿನ ಕೆಳಗೆ ನಿಲ್ಲುತ್ತಾರೆ. ನನಗೆ ಇವತ್ತಿಗೂ ಆ ದಾರಿಯಲ್ಲಿ ಹೋಗಲು ಮನಸ್ಸಾಗುವುದಿಲ್ಲ.

‘ಒಂದಕ್ಕೆ ಹತ್ತು’ ಲೆಕ್ಕವನ್ನೂ ಮಾಡಿ ನೋಡೋಣ. 15 ಮೀಟರ್ ಹರವಿನ ಒಂದು ಬೇವು ಕೊಡುವ ನೆರಳು, ಒಂದೂವರೆ ಮೀಟರ್ ಹರವಿನ 100 ಸಸಿಗಳ ನೆರಳಿಗೆ ಸಮ. ಹತ್ತಲ್ಲ, ನೂರು. ಅವೂ ಎಲ್ಲ ಬದುಕಿದರೆ, ಅದೇ ಜಾಗದಲ್ಲಿ ಇದ್ದರೆ. ಬೋರ್ಡನ್ನು ಎರಡಡಿ ಕೆಳಗೆ ಇಳಿಸುವುದು ಇದಕ್ಕಿಂತ ಎಷ್ಟೋ ಸುಲಭ.

ಫುಟ್‌ಪಾತ್‌ಗೆ ಫರಸಿ ಹಾಕುವಾಗ ಬುಡದವರೆಗೂ ಮುಚ್ಚಿಬಿಟ್ಟಿದ್ದಾರೆ. ತೊಂದರೆಯೇ?

ದೊಡ್ಡ ತೊಂದರೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ದಿಲ್ಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ನಮ್ಮಲ್ಲಿ ಇದು ಇನ್ನೂ ಸುಲಭ. ಶಹಾಬಾದ್ ಫರಸಿಯನ್ನು ಸಿಮೆಂಟ್ ಹಾಕದೆ ಮರಳಿನ ಮೇಲೆ ಕೂಡಿಸಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ, ಬೇರು ಎತ್ತಿದಾಗ ಕಲ್ಲು ತೆಗೆದು ಸರಿಮಾಡಿ ಮತ್ತೆ ಇಡಬಹುದು. ಸಸಿಗೆ ಹಾಕಿದ ಕಬ್ಬಿಣದ ಜಾಲರಿಯನ್ನೂ ಸಮಯಕ್ಕೆ ತೆಗೆಯಿರಿ. ಜಾಲರಿಯನ್ನು ನುಂಗಿಕೊಂಡೇ ದಪ್ಪಗಾದ ಗಿಡಗಳು ಊರಲ್ಲಿ ಬೇಕಾದಷ್ಟಿವೆ.

ನಾವೂ ಎಣಿಸಬೇಕು. ಏನು ಬೇಕು, ಯಾವಾಗ ಶುರು ಮಾಡಬೇಕು?

ಟೇಲರ್ ಟೇಪು, ವಹಿ, ಮೊಬೈಲ್. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ, 3.14ರಿಂದ ಭಾಗಿಸಿದರೆ ವ್ಯಾಸ. ಮೊಬೈಲ್ ತೋರಿಸುವ ಅಕ್ಷಾಂಶ 17.3, ರೇಖಾಂಶ 76.8ರ ಆಸುಪಾಸಿನಲ್ಲಿದ್ದರೆ ಜಾಗ ಸರಿಯಾಗಿ ಹಿಡಿದಿದೆ ಎಂದರ್ಥ. ಹೆಸರು ಗೊತ್ತಿಲ್ಲದ ಗಿಡಕ್ಕೆ ಊಹೆಯಿಂದ ಹೆಸರು ಬರೆಯಬೇಡಿ. ಎಲೆ, ತೊಗಟೆ, ಹೂ ಅಥವಾ ಕಾಯಿ, ಮೂರರ ಫೋಟೋ ಇಟ್ಟುಕೊಳ್ಳಿ. ಓಣಿಯ ಹಿರಿಯರನ್ನು ಕೇಳಿ. ಒಬ್ಬರು ಹುಣಸಿ ಗಿಡ ಅಂದದ್ದನ್ನು ಪಕ್ಕದ ಮನೆಯವರು ಇಮ್ಲಿ ಕಾ ಝಾಡ್ ಅನ್ನುತ್ತಾರೆ; ಎರಡೂ ಹೆಸರು ಬರೆದುಕೊಳ್ಳಿ. ಯಾರು ಹಚ್ಚಿದ್ದು, ಯಾವ ವರ್ಷ ಎಂಬುದೂ ಹಾಗೆ ಕೇಳುವಾಗಲೇ ಸಿಗುತ್ತದೆ.

ಅಳತೆಯ ಕೆಲಸಕ್ಕೆ ಡಿಸೆಂಬರ್, ಜನವರಿಯ ಬೆಳಗು ಹಿತ. ಆದರೆ ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಒಂದು ದಿನ, ತಲೆಗೆ ಟವೆಲ್ ಸುತ್ತಿ, ನೀರಿನ ಬಾಟಲಿ ಹಿಡಿದು, ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆಯಿರಿ. ನೆರಳು ಎಲ್ಲಿ ತಪ್ಪುತ್ತದೆ, ಎಷ್ಟು ಹೆಜ್ಜೆಯ ನಂತರ ಮತ್ತೆ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಗುಂಡಿ ಎಲ್ಲಿ ತೋಡಬೇಕೆಂಬುದು ಆ ಹಾಳೆಯಲ್ಲೇ ಇರುತ್ತದೆ.